ಮನೆಯ ಮುಂಗಡವನ್ನು ಕೂಡಿಸುವ ಕ್ರಮ



ಬಾಡಿಗೆಯ ಮನೆಯಲ್ಲಿರುವ ಗೃಹಸ್ಥನು ಯಾವನಾದರೂ ತನಗೆ ಸ್ವಂತ ಮನೆಯೊಂದು ಇರಬೇಕೆಂದು ಬಯಸದೆ ಇರುವದಿಲ್ಲ. ಈ ಬಯಕೆಯು ಯುಕ್ತವಾದದ್ದೇ. ಆದರೆ ಬಯಸುವವರು ಅನೇಕರು, ಅದಕ್ಕಾಗಿ ಲೆಕ್ಕ ಹಾಕುವವರು ಕೆಲವರು, ಲೆಕ್ಕದಂತೆ ನಡೆಯುವವರು ಇನ್ನೂ ಕೆಲವರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಗೋಪುರವನ್ನು ಕಟ್ಟತೊಡಗಿ ಪೂರೈಸಲಾರದೆ ನೆರೆಯವರ ನಗೆಗೆ ಗುರಿಯಾದವನ ಸಾಮ್ಯವನ್ನು ಲೂಕನ ಸುವಾರ್ತೆಯ ೧೪ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ಅವನ ಕೊರತೆಯು ಕಲ್ಲು ಗಾರೆಗಳದ್ದಲ್ಲ, ಮುಂಚಿತವಾದ ಲೆಕ್ಕದ್ದು. ಆದಕಾರಣ ಈ ಪಾಠದಲ್ಲಿ ಮೊದಲನೆಯ ಮನೆಯನ್ನು ಕೊಳ್ಳುವದಕ್ಕೆ ನಮ್ಮ ಕೈಯಿಂದ ಹಾಕಬೇಕಾದ ಹಣವೆಷ್ಟು, ಅದನ್ನು ಕೂಡಿಸುವದು ಹೇಗೆ, ಕೂಡಿಸಿದ್ದನ್ನು ಕಾಯುವದು ಹೇಗೆ ಎಂಬ ಮೂರು ಸಂಗತಿಗಳನ್ನು ವಿಚಾರಿಸುವೆವು.

೧. ಮುಂಗಡವೆಂದರೇನು?

ಮುಂಗಡವೆಂಬ ಒಂದೇ ಮಾತಿನಿಂದ ಜನರು ಮೂರು ಬೇರೆ ಬೇರೆ ಹಣಗಳನ್ನು ಸೂಚಿಸುತ್ತಾರೆ. ಇವುಗಳನ್ನು ವಿಂಗಡಿಸಿ ತಿಳಿಯದಿರುವದರಿಂದಲೇ ಬಹಳ ಮಂದಿಯ ಲೆಕ್ಕವು ತಪ್ಪುವದು.

ಮೊದಲನೆಯದು ಸಂಚಕಾರ. ವ್ಯಾಪಾರವು ಕುದುರಿತೆಂಬದಕ್ಕೆ ಗುರುತಾಗಿ ಮಾರುವವನಿಗೆ ಕೊಡುವ ಹಣವಿದು. ಎರಡನೆಯದು ಸ್ವಂತ ಪಾಲು. ಯಾವ ಬ್ಯಾಂಕೂ ಮನೆಯ ಪೂರ್ಣ ಬೆಲೆಯನ್ನು ಸಾಲವಾಗಿ ಕೊಡದು. ಉಳಿದದ್ದನ್ನು ಕೊಳ್ಳುವವನೇ ಹಾಕಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲವು ೩೦ ಲಕ್ಷ ರೂಪಾಯಿಯೊಳಗಿದ್ದರೆ ಬೆಲೆಯ ಶೇಕಡ ೯೦ರ ತನಕ, ೩೦ ಲಕ್ಷಕ್ಕೆ ಮೇಲ್ಪಟ್ಟು ೭೫ ಲಕ್ಷದೊಳಗಿದ್ದರೆ ಶೇಕಡ ೮೦ರ ತನಕ, ಅದಕ್ಕೂ ಮೇಲ್ಪಟ್ಟರೆ ಶೇಕಡ ೭೫ರ ತನಕ ಕೊಡಬಹುದು. ಇದು ಬ್ಯಾಂಕಿಗೆ ಹಾಕಿದ ಮಿತಿಯೇ ಹೊರತು ನಮಗಿರುವ ಹಕ್ಕಲ್ಲ. ಇದಲ್ಲದೆ ಬ್ಯಾಂಕು ತನ್ನವರಿಂದ ಮನೆಯ ಬೆಲೆಯನ್ನು ಕಟ್ಟಿಸುವದು. ಮಾರುವವನು ೧೮ ಲಕ್ಷ ಎಂದ ಮನೆಗೆ ಬ್ಯಾಂಕಿನವರು ೧೬ ಲಕ್ಷವೆಂದರೆ, ಸಾಲವು ೧೬ ಲಕ್ಷದ ಮೇಲೆ ಎಣಿಸಲ್ಪಡುವದು. ವ್ಯತ್ಯಾಸವೆಲ್ಲಾ ಕೊಳ್ಳುವವನ ತಲೆಯ ಮೇಲೆ ಬೀಳುವದು.

ಮೂರನೆಯದು ಕಾಗದಪತ್ರಗಳ ಖರ್ಚು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ವಕೀಲರ ಫೀಜು, ಬ್ಯಾಂಕಿನ ಫೀಜು ಇತ್ಯಾದಿ ಇದರಲ್ಲಿ ಸೇರುವವು. ಮನೆಯ ಬೆಲೆ ೧೦ ಲಕ್ಷಕ್ಕೆ ಮೀರಿದರೆ ಮುದ್ರಾಂಕ ಮತ್ತು ನೋಂದಣಿಯ ಶುಲ್ಕಗಳನ್ನು ಬ್ಯಾಂಕು ಬೆಲೆಯೊಳಗೆ ಸೇರಿಸಿಕೊಳ್ಳುವದಿಲ್ಲ. ಅದೆಲ್ಲವನ್ನೂ ಕೈಯಿಂದಲೇ ತೆರಬೇಕು. ಇದನ್ನು ಮರೆತವರು ಕಡೆಯ ವಾರದಲ್ಲಿ ಕೈಗಡಕ್ಕಾಗಿ ಮನೆ ಮನೆ ಅಲೆಯುವದನ್ನು ಕಾಣುತ್ತೇವೆ.

೨. ಎಷ್ಟು ಹಣ ಬೇಕು?

ದೃಷ್ಟಾಂತಕ್ಕಾಗಿ ಒಂದು ಕುಟುಂಬವನ್ನು ಊಹಿಸೋಣ. ಗಂಡನು ತಾಲೂಕು ಪಟ್ಟಣದಲ್ಲಿ ಜೀಪು ನಡಿಸುವವನು, ಹೆಂಡತಿಯು ಹೊಲಿಗೆ ಮಾಡುವವಳು, ಇಬ್ಬರು ಮಕ್ಕಳು. ತಿಂಗಳಿಗೆ ಇಬ್ಬರ ಸಂಪಾದನೆ ೩೮,೦೦೦ ರೂಪಾಯಿ, ಬಾಡಿಗೆ ೬,೦೦೦. ಆ ಪಟ್ಟಣದಲ್ಲಿ ಎರಡು ಕೋಣೆಗಳ ಹಳೆಯ ಮನೆಯೊಂದು ೧೮ ಲಕ್ಷಕ್ಕೆ ಸಿಕ್ಕುವದೆಂದು ಇಟ್ಟುಕೊಳ್ಳೋಣ.

ಬ್ಯಾಂಕು ಶೇಕಡ ೯೦ ಕೊಡುವದಾದರೆ ೧೬,೨೦,೦೦೦ ಸಾಲ ಸಿಕ್ಕೀತು. ಆದರೆ ಸಿಕ್ಕುವದೆಲ್ಲವನ್ನೂ ತೆಗೆದುಕೊಳ್ಳಬಾರದು. ಯಾಕಂದರೆ ವರುಷಕ್ಕೆ ಶೇಕಡ ೮.೫ರ ಬಡ್ಡಿಯಲ್ಲಿ ೨೦ ವರುಷಗಳ ಸಾಲವಾದರೆ, ಪ್ರತಿ ಲಕ್ಷಕ್ಕೆ ತಿಂಗಳಿಗೆ ಸುಮಾರು ೮೬೮ ರೂಪಾಯಿ ಕಂತು ಬೀಳುವದು. ೨೪೦ ಕಂತುಗಳಲ್ಲಿ ಆ ಒಂದು ಲಕ್ಷಕ್ಕೆ ೨,೦೮,೦೦೦ಕ್ಕಿಂತ ಹೆಚ್ಚು ಕೊಟ್ಟಂತಾಯಿತು. ಅಂದರೆ ಮೊದಲೇ ಕೂಡಿಸಿ ಹಾಕಿದ ಒಂದು ಲಕ್ಷವು ಮುಂದೆ ಎರಡು ಲಕ್ಷಕ್ಕೂ ಮೇಲ್ಪಟ್ಟ ಹಣವನ್ನು ಕೊಡುವದರಿಂದ ನಮ್ಮನ್ನು ತಪ್ಪಿಸುವದು.

ಕಂತು ಸಂಪಾದನೆಯ ಮೂರರಲ್ಲೊಂದು ಪಾಲನ್ನು ಮೀರದಿರುವದು ವಿವೇಕ. ಈ ಕುಟುಂಬಕ್ಕೆ ಅದು ಸುಮಾರು ೧೨,೬೦೦. ೧೬,೨೦,೦೦೦ದ ಕಂತು ೧೪,೦೦೦ವನ್ನು ದಾಟುವದು. ೧೪,೪೦,೦೦೦ದ ಕಂತಾದರೋ ೧೨,೫೦೦. ಆದದರಿಂದ ಇವರು ಬೆಲೆಯ ಶೇಕಡ ೨೦ನ್ನು ಕೈಯಿಂದ ಹಾಕುವದು ಒಳ್ಳೇದು. ಇನ್ನು ಲೆಕ್ಕವನ್ನು ಬರೆಯೋಣ:

ಸ್ವಂತ ಪಾಲು, ಬೆಲೆಯ ಶೇಕಡ ೨೦ — ೩,೬೦,೦೦೦
ಮುದ್ರಾಂಕ ಶುಲ್ಕ, ಶೇಕಡ ೫ — ೯೦,೦೦೦
ಆ ಶುಲ್ಕದ ಮೇಲೆ ಶೇಕಡ ೧೦ ಸೆಸ್ಸು, ಪಟ್ಟಣದಲ್ಲಿ ಶೇಕಡ ೨ ಸರ್‌ಚಾರ್ಜು — ೧೦,೮೦೦
ನೋಂದಣಿ ಶುಲ್ಕ, ಶೇಕಡ ೨ — ೩೬,೦೦೦
ವಕೀಲರು, ಬ್ಯಾಂಕಿನ ಫೀಜು, ದುರಸ್ತಿ, ಸಾಮಾನು ಸಾಗಣೆಗೆ ಅಂದಾಜು — ೪೩,೨೦೦
ಒಟ್ಟು — ೫,೪೦,೦೦೦

ಕರ್ನಾಟಕದಲ್ಲಿ ನೋಂದಣಿ ಶುಲ್ಕವು ಶೇಕಡ ೧ ಇದ್ದದ್ದು ೨೦೨೫ನೆಯ ಇಸವಿಯ ಆಗಸ್ಟ್ ೩೧ರಿಂದ ಶೇಕಡ ೨ ಆಯಿತೆಂಬದನ್ನು ಮರೆಯಬಾರದು. ಹಳೆಯ ಲೆಕ್ಕವನ್ನು ನಂಬಿದವನಿಗೆ ಇಲ್ಲಿಯೇ ೧೮,೦೦೦ ಕೊರತೆಯಾಗುವದು. ಶುಲ್ಕಗಳನ್ನು ಕ್ರಯದ ಬೆಲೆ, ಸರಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಹೆಚ್ಚಾದದ್ದರ ಮೇಲೆ ಎಣಿಸುತ್ತಾರೆ. ಹಾಗಾದರೆ ಮುಂಗಡವು ೩,೬೦,೦೦೦ ಎಂದು ನೆನಸಿ ಹೊರಟವನಿಗೆ ೧,೮೦,೦೦೦ ಕಡಿಮೆ ಬೀಳುವದು. ಬೆಲೆಯ ಹತ್ತರಲ್ಲೊಂದು ಪಾಲು ಬೇರೆ ಖರ್ಚುಗಳಿಗೆ ಬೇಕೆಂದು ಮನಸ್ಸಿನಲ್ಲಿಟ್ಟರೆ ಮೋಸ ಹೋಗಲಾರೆವು.

೩. ತಿಂಗಳಿಗೆ ಎಷ್ಟು ತೆಗೆದಿಡಬೇಕು?

ಐದು ವರುಷದ ಅವಧಿಯನ್ನು ಇಟ್ಟುಕೊಳ್ಳೋಣ. ಅಂಚೆ ಕಚೇರಿಯ ಆವರ್ತ ಠೇವಣಿ, ಅಂದರೆ ಆರ್.ಡಿ., ೬೦ ತಿಂಗಳಿನದು; ೧೦೦ ರೂಪಾಯಿಯಿಂದಲೇ ತೆರೆಯಬಹುದು. ೨೦೨೩ರ ಅಕ್ಟೋಬರದಲ್ಲಿ ನಿಗದಿಯಾದ ಶೇಕಡ ೬.೭ರ ಬಡ್ಡಿಯಂತೆ ತಿಂಗಳಿಗೆ ೧,೦೦೦ ಹಾಕಿದವನಿಗೆ ಕಡೆಯಲ್ಲಿ ಸುಮಾರು ೭೧,೩೬೬ ರೂಪಾಯಿ ಬರುವದು. ಸರಕಾರವು ಮೂರು ತಿಂಗಳಿಗೊಮ್ಮೆ ದರವನ್ನು ಪರಿಶೀಲಿಸುವದರಿಂದ ಖಾತೆ ತೆರೆಯುವ ದಿನ ಕೇಳಿ ತಿಳಿಯಬೇಕು. ಈ ಲೆಕ್ಕದಂತೆ ತಿಂಗಳಿಗೆ ೭,೫೦೦ ಕಟ್ಟಿದರೆ ಐದು ವರುಷಕ್ಕೆ ಸುಮಾರು ೫,೩೫,೦೦೦ ಕೂಡುವದು. ೫,೪೦,೦೦೦ಕ್ಕೆ ಐದೇ ಸಾವಿರ ಕಡಿಮೆ.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಬಾಡಿಗೆ ೬,೦೦೦ ಮತ್ತು ಉಳಿತಾಯ ೭,೫೦೦ ಕೂಡಿ ೧೩,೫೦೦ ಆಗುವದು. ನಾಳೆ ಬರುವ ಸಾಲದ ಕಂತಾದರೋ ೧೨,೫೦೦. ಆದದರಿಂದ ಈ ಐದು ವರುಷಗಳು ಕೇವಲ ಹಣ ಕೂಡಿಸುವ ಕಾಲವಲ್ಲ; ಇಪ್ಪತ್ತು ವರುಷ ಹೊರಬೇಕಾದ ನೊಗವನ್ನು ಹೆಗಲಿಗೆ ಇಟ್ಟು ನೋಡುವ ಕಾಲವೂ ಆಗಿದೆ. ಐದು ವರುಷ ತಪ್ಪದೆ ೧೩,೫೦೦ ತೆಗೆದಿಟ್ಟ ಕುಟುಂಬವು ಸಾಲದ ಕಂತನ್ನು ಧೈರ್ಯವಾಗಿ ಕಟ್ಟೀತು. ಒಂದು ವರುಷವೂ ತೆಗೆದಿಡಲಾರದ ಕುಟುಂಬವು ಹೇಗೋ ಮುಂಗಡವನ್ನು ಹೊಂದಿಸಿ ಮನೆಯನ್ನು ಕೊಂಡರೆ, ಮನೆಯನ್ನು ಉಳಿಸಿಕೊಳ್ಳುವದು ಕಷ್ಟ. ಉಳಿತಾಯದಲ್ಲಿ ಸೋತವನು ಏನನ್ನೂ ಕಳೆದುಕೊಳ್ಳುವದಿಲ್ಲ. ಸಾಲದಲ್ಲಿ ಸೋತವನು ಮನೆಯನ್ನೇ ಕಳೆದುಕೊಳ್ಳುವನು.

ಆದರೆ ಐದು ವರುಷಗಳಲ್ಲಿ ಮನೆಯ ಬೆಲೆ ನಿಂತಲ್ಲೇ ನಿಲ್ಲುವದೋ ಎಂದು ಯಾರಾದರೂ ಕೇಳಿಯಾರು. ನಿಲ್ಲದು. ವರುಷಕ್ಕೆ ಶೇಕಡ ೫ರಂತೆ ಏರಿದರೆ ೧೮ ಲಕ್ಷದ ಮನೆಯು ಸುಮಾರು ೨೩ ಲಕ್ಷವಾಗುವದು. ಆಗ ನಮ್ಮ ೫,೪೦,೦೦೦ವು ೬,೯೦,೦೦೦ದ ಹತ್ತಿರ ಬರುವದು. ಇದಕ್ಕೆ ಮದ್ದೇನಂದರೆ, ಸಂಬಳ ಅಥವಾ ಕೂಲಿ ಏರಿದಾಗಲೆಲ್ಲಾ ಉಳಿತಾಯವನ್ನೂ ಏರಿಸಬೇಕು. ಎರಡನೆಯ ವರುಷದಿಂದ ಪ್ರತಿ ವರುಷ ತಿಂಗಳಿಗೆ ೧,೦೦೦ ಹೆಚ್ಚಿಸುತ್ತಾ ಬಂದರೆ ಬಡ್ಡಿಯನ್ನು ಬಿಟ್ಟೂ ೧,೨೦,೦೦೦ ಹೆಚ್ಚು ಕೂಡುವದು. ಈ ಹೆಚ್ಚಿನ ಹಣಕ್ಕೆ ಬ್ಯಾಂಕಿನಲ್ಲಿ ಕಡಿಮೆ ಅವಧಿಯ ಆರ್.ಡಿ. ತೆರೆಯುವದು ಅನುಕೂಲ. ಸಂಪಾದನೆಯು ಬೆಲೆಯೊಂದಿಗೆ ಏರದಿದ್ದರೆ ದೊಡ್ಡ ಸಾಲಕ್ಕೆ ಕೈಚಾಚದೆ ಚಿಕ್ಕ ಮನೆಯನ್ನು ಹುಡುಕುವದೇ ಲೇಸು.

೪. ಹಣವನ್ನು ಎಲ್ಲಿ ಇಡಬೇಕು?

ಮುಂಗಡದ ಹಣಕ್ಕೆ ಮೂರು ಗುಣಗಳು ಬೇಕು: ಅಸಲು ಕರಗಬಾರದು; ಬೇಕಾದ ದಿನ ಕೈಗೆ ಬರಬೇಕು; ಸುಲಭವಾಗಿ ಖರ್ಚಾಗಬಾರದು. ಅಕ್ಕಿ ಡಬ್ಬಿಯಲ್ಲಿಟ್ಟ ಹಣಕ್ಕೆ ಈ ಮೂರನೆಯ ಗುಣವಿಲ್ಲ.

ಅಂಚೆಯ ಆರ್.ಡಿ.ಯಲ್ಲಿ ತಿಂಗಳ ೧೫ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳು ೧೫ರೊಳಗೂ, ಆ ಮೇಲೆ ತೆರೆದದ್ದಕ್ಕೆ ತಿಂಗಳ ಕಡೆಯ ಕೆಲಸದ ದಿನದೊಳಗೂ ಕಟ್ಟಬೇಕು. ತಪ್ಪಿದರೆ ತಿಂಗಳಿಗೆ ನೂರು ರೂಪಾಯಿಗೆ ಒಂದು ರೂಪಾಯಿ ದಂಡ. ನಾಲ್ಕು ಕಂತುಗಳು ತಪ್ಪಿದರೆ ಖಾತೆ ನಿಲ್ಲುವದು. ಎರಡು ತಿಂಗಳೊಳಗೆ ಬಾಕಿ ಕಟ್ಟಿ ಅದನ್ನು ಜೀವಂತ ಮಾಡಿಕೊಳ್ಳಬಹುದು. ಮೂರು ವರುಷದ ನಂತರ ನಡುವೆ ಮುಚ್ಚಬಹುದು, ಆದರೆ ಆಗ ಸಾಧಾರಣ ಉಳಿತಾಯ ಖಾತೆಯ ಬಡ್ಡಿ ಮಾತ್ರ ಸಿಕ್ಕುವದು. ಹನ್ನೆರಡು ಕಂತು ಕಟ್ಟಿದವನು ಇಟ್ಟ ಹಣದ ಅರ್ಧದ ತನಕ ಅಲ್ಲಿಯೇ ಸಾಲ ಪಡೆಯಬಹುದು.

ಬ್ಯಾಂಕಿನಲ್ಲಿ ಇಡುವವರು ತಿಳಿಯಬೇಕಾದದ್ದೇನಂದರೆ, ೨೦೨೦ರ ಫೆಬ್ರವರಿ ೪ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬನಿಗಿರುವ ಠೇವಣಿಗೆ ಬಡ್ಡಿ ಸಹಿತವಾಗಿ ೫ ಲಕ್ಷದ ತನಕ ವಿಮೆಯುಂಟು. ಸಹಕಾರಿ ಬ್ಯಾಂಕುಗಳಿಗೂ ಇದು ಸಲ್ಲುವದು. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಹಲಗೆಯ ಮೇಲೆ ಸಹಕಾರಿ ಎಂಬ ಮಾತನ್ನು ಕಂಡೊಡನೆ ಎರಡೂ ಒಂದೇ ಎಂದು ನೆನಸಬಾರದು. ಸಹಕಾರದ ಕೆಲಸವು ನಮ್ಮ ನಾಡಿಗೆ ಗೌರವ ತಂದದ್ದು ನಿಜ. ೧೯೦೫ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘದಿಂದ ಎಷ್ಟೋ ರೈತರಿಗೆ ದಾರಿ ತೋರಿತು. ಆದರೂ ಬೇರೆ ಕಡೆಗಿಂತ ಬಹಳ ಹೆಚ್ಚು ಬಡ್ಡಿಯನ್ನು ಯಾರಾದರೂ ತೋರಿಸಿದರೆ, ಅದು ಬಡ್ಡಿಯಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳು ಎಂದು ತಿಳಿಯಬೇಕು.

ಚೀಟಿ ಹಾಕುವವರು ೧೯೮೨ರ ಚಿಟ್ ಫಂಡ್ ಕಾನೂನಿನಂತೆ ನೋಂದಣಿಯಾದ ಚೀಟಿಯನ್ನು ಮಾತ್ರ ಸೇರಬೇಕು. ನೆರೆಯವರ ಬಾಯಿಮಾತಿನ ಚೀಟಿಯಲ್ಲಿ ಐದು ವರುಷದ ಬೆವರನ್ನು ಇಡುವದು ಯುಕ್ತವಲ್ಲ. ಶೇರು ಪೇಟೆಯ ಹಣವು ಏರುವಂತೆಯೇ ಇಳಿಯುವದು. ಮೂರು ನಾಲ್ಕು ವರುಷದೊಳಗೆ ನಿಶ್ಚಯವಾಗಿ ಬೇಕಾದ ಹಣಕ್ಕೆ ಅದು ಸ್ಥಳವಲ್ಲ.

ಇದಲ್ಲದೆ ಮುಂಗಡದ ಖಾತೆಯನ್ನು ತೆರೆಯುವ ಮೊದಲೇ ಎರಡು ಮೂರು ತಿಂಗಳ ಖರ್ಚನ್ನು ಬೇರೊಂದು ಖಾತೆಯಲ್ಲಿ ಇಡಬೇಕು. ಜ್ವರ, ಕೆಲಸ ತಪ್ಪುವದು, ಮಳೆಗೆ ಮಾಡು ಸೋರುವದು ಇವೆಲ್ಲಾ ಹೇಳಿ ಬರುವದಿಲ್ಲ. ಈ ಬದಿಯ ಹಣವಿಲ್ಲದವನು ಮೊದಲನೆಯ ಕಷ್ಟದಲ್ಲಿಯೇ ಆರ್.ಡಿ.ಯನ್ನು ಮುರಿಯುವನು.

೫. ಕೂಡಿಸಿದ್ದನ್ನು ಕಳೆಯುವ ದಾರಿಗಳು

ಮೊದಲನೆಯದು ಸಾಲದ ಮೇಲೆ ಸಾಲ. ಕೆಲವರು ಮುಂಗಡವನ್ನೇ ಸಾಲವಾಗಿ ತರುತ್ತಾರೆ; ಬಂಗಾರವನ್ನು ಅಡವಿಟ್ಟು, ಸಂಘದಿಂದ ಕಿರುಸಾಲ ತೆಗೆದು, ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗಿ ಬೆಲೆಯ ಐದರಲ್ಲೊಂದು ಪಾಲನ್ನು ಹೊಂದಿಸುತ್ತಾರೆ. ಆಗ ಬ್ಯಾಂಕಿನ ಕಂತಿನೊಂದಿಗೆ ಎರಡು ಮೂರು ಬೇರೆ ಕಂತುಗಳು ಕೂಡುವವು. ೨೦೨೫ರ ಆರಂಭದಲ್ಲಿ ಕಿರುಸಾಲದ ವಸೂಲಿಗಾರರ ಕಾಟಕ್ಕೆ ಹೆದರಿ ನಮ್ಮ ರಾಜ್ಯದ ಹಲವು ಕುಟುಂಬಗಳು ಇದ್ದ ಮನೆಗೆ ಬೀಗ ಹಾಕಿ ಊರು ಬಿಟ್ಟವು. ಬಲಾತ್ಕಾರದ ವಸೂಲಿಯನ್ನು ತಡೆಯುವದಕ್ಕೆ ಸರಕಾರವು ಆ ವರುಷದ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಮನೆಗಾಗಿ ಮಾಡಿದ ಸಾಲದಿಂದ ಮನೆ ಬಿಡುವಂತಾದರೆ ಏನು ಲಾಭ?

ಎರಡನೆಯದು ಬಂಧುಗಳ ಬೇಡಿಕೆ. ಹಣ ಕೂಡುವ ಸುದ್ದಿಯು ಮನೆಯ ಗೋಡೆಯನ್ನು ದಾಟಿದೊಡನೆ ಕೇಳುವವರು ಬರುವರು. ತಮ್ಮನು ಬಂದು, “ಅಣ್ಣಾ, ನಿನ್ನ ಹತ್ತಿರ ಹಣವುಂಟಲ್ಲಾ, ಎರಡು ತಿಂಗಳಿಗೆ ಕೊಡು” ಎಂದರೆ ಇಲ್ಲವೆನ್ನುವದು ಹೇಗೆ? ಸಿಟ್ಟು ಮಾಡಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಯೂ ಇಲ್ಲ. “ತಮ್ಮಾ, ಆ ಹಣವು ನನ್ನೊಬ್ಬನದಲ್ಲ; ನಿನ್ನ ಅತ್ತಿಗೆಯದೂ ಮಕ್ಕಳದೂ ಆಗಿದೆ. ತಿಂಗಳ ಖರ್ಚಿನಲ್ಲಿ ನನ್ನ ಕೈಲಾದದ್ದನ್ನು ಕೊಡುವೆನು, ಅದನ್ನು ಹಿಂದಕ್ಕೆ ಕೊಡಬೇಡ” ಎಂದು ಹೇಳಬಹುದು. ಹೀಗೆ ಪ್ರೀತಿಯೂ ಉಳಿಯುವದು, ಹಣವೂ ಉಳಿಯುವದು. ಖಾತೆಯು ಗಂಡಹೆಂಡಿರ ಜಂಟಿ ಹೆಸರಿನಲ್ಲಿದ್ದು ಇಬ್ಬರ ರುಜುವಿಲ್ಲದೆ ಹಣ ಹೊರಡದಂತಿದ್ದರೆ ಈ ಉತ್ತರವು ನಿಜವೂ ಆಗಿರುವದು.

ಮೂರನೆಯದು ಆಡಂಬರ. ಮಗುವಿನ ನಾಮಕರಣಕ್ಕೆ ಊರೆಲ್ಲಾ ಊಟ, ಮದುವೆಗೆ ಬಾಡಿಗೆಯ ಬಂಡಿಗಳ ಸಾಲು, ಹಬ್ಬಕ್ಕೆ ಕಂತಿನ ಮೇಲೆ ಹೊಸ ಮೊಬೈಲು. ಇವುಗಳಲ್ಲಿ ಒಂದೊಂದು ಆರು ತಿಂಗಳ ಉಳಿತಾಯವನ್ನು ನುಂಗಬಲ್ಲದು. ಸಂತೋಷವನ್ನು ನಾವು ಬೇಡವೆನ್ನುವದಿಲ್ಲ. ಮೆಚ್ಚಿಸುವದಕ್ಕಾಗಿ ಮಾಡುವ ಖರ್ಚನ್ನು ಬೇಡವೆನ್ನುತ್ತೇವೆ. ಆದರೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಕ್ಕಳ ಹಾಲು, ಶಾಲೆಯ ಪುಸ್ತಕ, ಮುದುಕರ ಔಷಧ ಇವುಗಳನ್ನು ಕಡಿಮೆ ಮಾಡಿ ಕೂಡಿಸಿದ ಹಣವು ಉಳಿತಾಯವಲ್ಲ. ಮನೆಯು ಮನೆಯವರಿಗಾಗಿ ಇರುವದು, ಮನೆಯವರು ಮನೆಗಾಗಿ ಅಲ್ಲ.

೬. ಸಂಚಕಾರ ಕೊಡುವ ಮುಂಚೆ

ಐದು ವರುಷ ಕೂಡಿಸಿದ ಹಣವು ಒಂದು ಮಧ್ಯಾಹ್ನದಲ್ಲಿ ಕಳೆದುಹೋಗುವದುಂಟು. ಒಳ್ಳೇ ಮನೆ ಕೈತಪ್ಪೀತೆಂಬ ಆತುರವೇ ಇದಕ್ಕೆ ಕಾರಣ. ಆದಕಾರಣ ಈ ಮಾತುಗಳನ್ನು ನೆನಪಿನಲ್ಲಿಡಬೇಕು.

ಮೊದಲು ಉಪನೋಂದಣಾಧಿಕಾರಿಯ ಕಚೇರಿಯ ದಾಖಲೆಯಿಂದ ಋಣಭಾರ ಪತ್ರವನ್ನು ತೆಗೆಸಬೇಕು. ಆಸ್ತಿಯ ಮೇಲೆ ನೋಂದಣಿಯಾದ ಅಡವು, ಮಾರಾಟ ಇದ್ದರೆ ಅದರಲ್ಲಿ ಕಾಣುವದು. ಗ್ರಾಮ ಪಂಚಾಯತಿಯ ಎಲ್ಲೆಯ ಆಸ್ತಿಗೆ ಇ-ಸ್ವತ್ತಿನ ನಮೂನೆ ೯ ಮತ್ತು ೧೧ನ್ನು ನೋಡಬೇಕು. ಹೊಲವನ್ನು ಭೂಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರುವ ನಿವೇಶನಗಳು ಅಗ್ಗವಾಗಿ ಕಾಣುವವು. ಅವುಗಳ ಮೇಲೆ ಬ್ಯಾಂಕಿನ ಸಾಲ ಸಿಕ್ಕುವದು ಕಷ್ಟ, ಮುಂದೆ ಕಟ್ಟುವ ಪರವಾನಿಗೆಗೂ ತೊಂದರೆ. ಬ್ಯಾಂಕು ಯಾಕೆ ಸಾಲ ಕೊಡಲೊಲ್ಲದು ಎಂಬ ಪ್ರಶ್ನೆಯೇ ನಮಗೆ ಉಚಿತವಾದ ಸಲಹೆ.

ಎರಡನೆಯದು, ೨೦೧೬ರ ರೇರಾ ಕಾನೂನಿನ ಪ್ರಕಾರ ಕಟ್ಟುವವನು ಮಾರಾಟದ ಕರಾರನ್ನು ನೋಂದಾಯಿಸುವ ಮುಂಚೆ ಬೆಲೆಯ ಶೇಕಡ ೧೦ಕ್ಕಿಂತ ಹೆಚ್ಚು ಮುಂಗಡವನ್ನು ತೆಗೆದುಕೊಳ್ಳಬಾರದು. ಹೆಚ್ಚು ಕೇಳಿದರೆ ಧೈರ್ಯವಾಗಿ ನಿರಾಕರಿಸಬೇಕು.

ಮೂರನೆಯದು, ಸಂಚಕಾರವನ್ನು ಬಾಯಿಮಾತಿನ ಮೇಲೆ ಕೊಡಬಾರದು. ಸಾಲ ಮಂಜೂರಾಗದಿದ್ದರೆ ಅಥವಾ ಕಾಗದಪತ್ರಗಳಲ್ಲಿ ದೋಷ ಕಂಡುಬಂದರೆ ಹಣವನ್ನು ಇಂತಿಷ್ಟು ದಿನದೊಳಗೆ ಹಿಂದಕ್ಕೆ ಕೊಡತಕ್ಕದ್ದೆಂದು ಕರಾರಿನಲ್ಲಿ ಬರೆಯಿಸಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ ೨೦,೦೦೦ ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವದಕ್ಕೆ ಆದಾಯ ತೆರಿಗೆಯ ಕಾನೂನು ೨೦೧೫ರಿಂದ ಅಡ್ಡಿ ಮಾಡಿದೆ. ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಕೊಟ್ಟ ಹಣಕ್ಕೆ ಸಾಕ್ಷಿ ಇರುವದು. ನಗದಿಗೆ ಸಾಕ್ಷಿ ಹುಡುಕಬೇಕಾಗುವದು.

೭. ಸರಕಾರದ ಸಹಾಯ

ಸಹಾಯವನ್ನು ಕೇಳುವದರಲ್ಲಿ ನಾಚಿಕೆಯಿಲ್ಲ. ಹಳ್ಳಿಯಲ್ಲಿ ಮನೆಯಿಲ್ಲದವರಿಗೂ ಕಚ್ಚಾ ಮನೆಯವರಿಗೂ ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಗೆ ೧,೨೦,೦೦೦ ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ. ಇದನ್ನು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಬೇಕು. ಪಟ್ಟಣದಲ್ಲಿ ಕೊಳ್ಳುವವರಿಗೆ ೨೦೨೪ರಲ್ಲಿ ಆರಂಭವಾದ ನಗರ ಯೋಜನೆಯ ಎರಡನೆಯ ಹಂತದಲ್ಲಿ ಬಡ್ಡಿಯ ಸಹಾಯಧನವುಂಟು. ಕುಟುಂಬದ ವರುಷದ ಆದಾಯ ೯ ಲಕ್ಷದೊಳಗೆ, ಮನೆಯ ಬೆಲೆ ೩೫ ಲಕ್ಷದೊಳಗೆ, ಸಾಲ ೨೫ ಲಕ್ಷದೊಳಗೆ ಇರಬೇಕು. ದೇಶದಲ್ಲೆಲ್ಲಿಯೂ ಪಕ್ಕಾ ಮನೆ ಇರಬಾರದು. ಸಹಾಯವು ಹೆಚ್ಚೆಂದರೆ ೧,೮೦,೦೦೦. ಅದು ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುವದು. ಕೊಂಡ ಮೇಲೆ ಬರುವ ಹಣವಾದದರಿಂದ ಇದನ್ನು ಮುಂಗಡದ ಲೆಕ್ಕದಲ್ಲಿ ಹಿಡಿಯಬಾರದು. ಸಹಾಯ ಕೊಡಿಸುವೆನೆಂದು ಮಧ್ಯಸ್ಥನು ಹಣ ಕೇಳಿದರೆ ಒಂದು ಕಾಸನ್ನೂ ಕೊಡಬಾರದು.

ಕಡೆಯದಾಗಿ ಒಂದು ಮಾತು. ೭,೫೦೦ ತೆಗೆದಿಡುವದು ನಮ್ಮ ಓದುಗರಲ್ಲಿ ಎಷ್ಟೋ ಮಂದಿಗೆ ಅಸಾಧ್ಯವೆಂದು ನಾವು ಬಲ್ಲೆವು. ಅಂಥವರು ೫೦೦ರಿಂದ ಆರಂಭಿಸಲಿ. ಐದು ವರುಷಕ್ಕೆ ಅದು ಸುಮಾರು ೩೫,೭೦೦ ಆಗುವದು. ಅದರಿಂದ ಮನೆ ಬಾರದು. ಆದರೆ ಕಷ್ಟದ ದಿನದಲ್ಲಿ ಮೀಟರ್ ಬಡ್ಡಿಯವನ ಬಾಗಿಲನ್ನು ತಟ್ಟದಿರುವಷ್ಟು ಬಲ ಬರುವದು. ಸಾಲವಿಲ್ಲದ ಬಾಡಿಗೆ ಮನೆಯು ಸಾಲದಲ್ಲಿ ಮುಳುಗಿದ ಸ್ವಂತ ಮನೆಗಿಂತ ಮೇಲು. ಮೊದಲನೆಯದನ್ನು ಸಾಧಿಸಿದವನು ಎರಡನೆಯ ಹೆಜ್ಜೆಯನ್ನು ತಕ್ಕ ಕಾಲದಲ್ಲಿ ಇಡುವನು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಸಂಚಕಾರ, ಸ್ವಂತ ಪಾಲು, ಕಾಗದಪತ್ರಗಳ ಖರ್ಚು ಇವುಗಳೊಳಗಿನ ವ್ಯತ್ಯಾಸವೇನು?
೨. ನಿಮ್ಮ ಊರಿನಲ್ಲಿ ಸಾಧಾರಣ ಮನೆಯ ಬೆಲೆ ಎಷ್ಟು? ಮೇಲಿನ ಕ್ರಮದಂತೆ ಅದಕ್ಕೆ ಬೇಕಾದ ಹಣವನ್ನು ಲೆಕ್ಕ ಮಾಡಿರಿ.
೩. ಉಳಿತಾಯದ ವರುಷಗಳು ಸಾಲದ ವರುಷಗಳಿಗೆ ಪರೀಕ್ಷೆಯಾಗಿರುವದು ಹೇಗೆ?
೪. ಸಹಕಾರಿ ಬ್ಯಾಂಕಿಗೂ ಪತ್ತಿನ ಸಹಕಾರ ಸಂಘಕ್ಕೂ ಠೇವಣಿಯ ವಿಷಯದಲ್ಲಿ ಇರುವ ಭೇದವೇನು?
೫. ಯಾವ ಖರ್ಚನ್ನು ಕಡಿಮೆ ಮಾಡಬಹುದು, ಯಾವದನ್ನು ಮಾಡಬಾರದು? ಗಂಡಹೆಂಡಿರು ಕೂಡಿ ಕೂತು ಪಟ್ಟಿ ಬರೆಯಿರಿ.